ತಾನ ಹಿಡಕೊಳ್ಳೂ ಪಟ್ಟಿ

ಹಾನಗಲ್ಲ,
ತಾ. ೫-೨-೧೯೬೪, ಬುಧವಾರ

ಚಿ. ಸೌ. ಸುಶೀಲವ್ವಗ ನಿನ್ನ ಗಂಡನ ಅಕ್ಕ ಶೇಖವ್ವ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲಾರೂ ಕ್ಷೇಮ ಅಂತ ಮೊದಲ ಬರೀಬೇಕು, ಹಂಗ ಬರಿಯೂ ಪದ್ಧತಿ ಐತಿ. ಆದರ ಮೊದಲನೇ ಸಾಲಿನ್ಯಾಗ ಸುಳ್ಳು ಬರದ್ರ ಮುಂದಿಂದೂ ಎಲ್ಲಾ ಸುಳ್ಳ ಆಗತೈತೇನೋ ಅಂತ ಅಂಜಿಕಿ ಬಂತು. ಅದಕ್ಕ ಆ ಸಾಲು ಬಿಟ್ಟೇನಿ. ಶಿಗ್ಗಾವಿಯೊಳಗ ನೀವೆಲ್ಲಾ ಹೆಂಗ ಅದೀರಿ? ನಿಮ್ಮ ಅವ್ವನ ಮೊಣಕಾಲ ನೋವು ಕಡಿಮಿ ಆತೇನು?

ಈ ಪತ್ರಾ ಮೂರು ಸರತೆ ಬರದು ಹರದೇನಿ. ಮೊದಲನೇದ್ದು ನಿಮ್ಮಪ್ಪ ಒಡದು ಓದಿದ್ರ ಹೆಂಗ ಅಂತ ಹರದೆ. ಎರಡನೇದ್ದು ನೀ ಓದಿ ನಿಮ್ಮಪ್ಪಗ ತೋರಿಸಿದ್ರ ಹೆಂಗ ಅಂತ ಹರದೆ. ಮೂರನೇದ್ದು ಯಾಕ ಹರದೆ ಅಂತ ಮುಂದ ತಿಳಿದೀತು. ನನ್ನ ಅಕ್ಷರಾ ನೋಡಿ ನಗಬ್ಯಾಡ. ನಾ ಎರಡನೇ ಇಯತ್ತೆ ಅರ್ಧಕ್ಕ ಬಿಟ್ಟಾಕಿ, ನೀ ಮುಲ್ಕಿ ಪರೀಕ್ಷಾ ಪಾಸಾದಾಕಿ. ಒತ್ತಕ್ಷರಾ ಬಂದಲ್ಲೆಲ್ಲ ನನ್ನ ಕೈ ನಿಂತು ಬಿಡತೈತಿ.

ನೀ ಹೋಗಿ ಇವತ್ತಿಗೆ ಹದಿನೇಳು ದಿನಾ ಆತು. ತಮ್ಮ ಉಳಿವೆಪ್ಪನ ಎಡಗೈ ಹೆಬ್ಬಟ್ಟಿನ ಹೊಲಗಿ ಸೋಮವಾರ ಬಿಚ್ಚಿದ್ರು. ಕೀವು ಇಲ್ಲ ಅಂತ ಹೇಳ್ಯಾರ. ಆದರೂ ನನಗ ಸಮಾಧಾನ ಇಲ್ಲ. ಕಬ್ಬಿಣ ತಾಗಿದ ಗಾಯಕ್ಕ ದವಡಿ ಕಚ್ಚಿಕೊಂತೈತಿ ಅಂತ ಬಾಜೂ ಮನಿ ನಾಗವ್ವ ಅಂದಿದ್ಲು. ಅವತ್ತಿನಿಂದ ದಿನಾ ಮುಂಜಾನೆ ಅವ ಹಲ್ಲು ತಿಕ್ಕೂ ಮುಂದ ಹೋಗಿ ನಿಂತು ಬಾಯಿ ಪೂರಾ ತೆರಿತೈತೋ ಇಲ್ಲೋ ನೋಡತೇನಿ. ನಿನ್ನೆ ಅವ ಸಿಟ್ಟಾಗಿ, ಅಕ್ಕಾ, ಎತ್ತು ಕೊಳ್ಳಾವರಂಗ ನನ್ನ ಹಲ್ಲು ನೋಡಬ್ಯಾಡ, ಸರಿ ಅತ್ಲಾಗ ಅಂದ.

ಅವ ಬೈದ್ರ ಬೈಲಿ. ವಿಷಯಾ ಅದಲ್ಲ. ಸವಣೂರ ಅಲ್ಲಾಭಕ್ಷ ಸಾಹೇಬರ ಕಿಡಕಿಗೆ ಹೇಳಿದ, ಎಲಿ ಕೊರದ ಎಂಟು ಕಟಗಿ ಜಾಲಿ ಪೈಕಿ ಆರು ನೀ ಇರೂದ್ರೊಳಗ ಆಗಿದ್ದುವು. ಎರಡು ಹಂಗ ಬಿದ್ದಾವ. ರಮಜಾನ ಹಬ್ಬ ಆಗಿ ಎಂಟನೇ ದಿನಕ್ಕ ಅವರ ಮಗಳ ನಿಕಾ. ಹಬ್ಬ ಇನ್ನ ಹತ್ತು ದಿನಾ ಐತಿ. ಮನಿಗೆ ಸುಣ್ಣಾ ಹಚ್ಚಿ ಮುಗಿಸ್ಯಾರಂತ, ಬೀಗರು ಬರೂದ್ರೊಳಗ ಕಿಡಕಿ ಬಾಯಿ ತಕ್ಕೊಂಡು ನಿಂತ್ರ ಚಂದ ಕಾಣಸೂದಿಲ್ಲ ಅಂತ ಎರಡು ಸರತೆ ಹೇಳಿ ಕಳಿಸ್ಯಾರ. ಆರು ಜಾಲ್ಯಾಗ ಎಲಿ ಹೆಂಗ ಅದಾವೋ ಉಳಿದ ಎರಡರಾಗೂ ಹಂಗ ಬರಬೇಕು. ನೀ ಬರದ ಅದು ಆಗೂದಿಲ್ಲ. ಅದಕ್ಕ ನೀ ಬರಬೇಕು. ಇಷ್ಟ ಬರದು ಮುಗಿಸಬೇಕು ಅಂತ ಕುಂತೆ. ಆದರ ಇಷ್ಟ ಬರದ್ರ ನೀ ಯಾಕ ಬಂದೀ? ನಾ ಆದರೂ ಬರತಿದ್ದಿಲ್ಲ.

ತಪ್ಪು ಆ ಅಂಟು ಪಟ್ಟಿದು. ನೀ ಏನ ಅನ್ನು, ನಾ ಮೊದಲಿಂದ ಹೇಳಕೋಂತ ಬಂದೇನಿ, ಎರಡೂ ಮಗ್ಗಲ ಅಂಟೂ ಸಾಮಾನು ಯಾವ ಮಗ್ಗಲಕ್ಕೂ ನಂಬಿಗಸ್ತ ಅಲ್ಲ. ಹಲಗಿ ಮ್ಯಾಲೆ ಫರ್ಮಾ ಇಟ್ಟು, ಆ ತಗಡಿನ ಎಲಿ ಅಂಚಿಗುಂಟ ಕರಗಸ ಆಡಸೂ ಮುಂದ ಫರ್ಮಾ ಒಂದು ಕೂದಲೆಳಿ ಅಷ್ಟೂ ಜರಗಬಾರದು. ನಾಕು ತೆಳು ಹಲಗಿ ಒಂದರ ಮ್ಯಾಲೊಂದು ಪೇರಿಸಿ ಒಮ್ಮೆಲೆ ಕೊಯ್ಯೂದಂದ್ರ ನಾಕೂ ಒಂದ ಮೈ ಆಗಿರಬೇಕು. ನಮ್ಮಪ್ಪ ಎಲ್ಲಾ ಮಾಡಿ ನೋಡಿದ್ದ. ಸಣ್ಣ ಮೊಳಿ ಹೊಡದ್ರ ತೂತು ಉಳಿತೈತಿ. ಸರೇಸಿನ ಅಂಟು ಕುದಿಸಿ ಹಚ್ಚಿದ್ರ ಬಿಡಸಾಕ ಬಿಸಿನೀರು ಹಾಕಬೇಕು, ಹಲಗಿ ಸೊಟ್ಟಾಗತೈತಿ. ಮೇಣ ಹಚ್ಚಿದ್ರ ಕರಗಸದ ಕಾವಿಗೆ ಕರಗತೈತಿ. ಕಡೀಕೆ ನಮ್ಮಪ್ಪ ಅಂದ, ಮನಿಶಾರ ಕೈ ಒಂದ ನೋಡು ಹಿಡದ್ರೂ ಕಲಿ ಬೀಳೂದಿಲ್ಲ, ಬಿಟ್ರೂ ಕಲಿ ಉಳಿಯೂದಿಲ್ಲ ಅಂತ.

ಆ ಕೈ ಯಾರದು? ನಂದು. ನನಗ ಎಂಟು ವರ್ಷ. ಸಾಲಿಯಿಂದ ಪಾಟಿ ಹಿಡಕೊಂಡು ಬರೂ ಮುಂದ ನಮ್ಮಪ್ಪ ಅಂಗಳದಾಗ ನಿಂತು, ಶೇಖಾ, ಪಾಟಿ ಇಟ್ಟು ಬಾ ಇಲ್ಲಿ, ಜರಾ ಹಿಡಿ ಅಂದ. ಆ ಜರಾ ಮೂವತ್ತು ವರ್ಷ ಆತು. ನಡುವ ಮೂರು ವರ್ಷ ಹಿರೇಕೆರೂರಾಗ ಗಂಡನ ಮನ್ಯಾಗ ಇದ್ದೆ. ಅವ್ರು ತೀರಿಕೊಂಡ ಮ್ಯಾಲೆ ತಿರುಗಿ ಬಂದೆ. ಬಂದ ನಾಕನೇ ದಿನಕ್ಕ ಮತ್ತ ಹಲಗಿ ಮ್ಯಾಲೆ ಅಂಗೈ ಊರಿ ಕುಂತೆ. ಅಪ್ಪ ಹೋದ ಮ್ಯಾಲೆ ಉಳಿವೆಪ್ಪಗ ಹಿಡದೆ. ಊರಿನ ಮಂದಿ ಸುಮ್ಮನ ಕುಂತಾಕಿ ಅಂತಿದ್ರು. ಸುಮ್ಮನ ಕುಂದ್ರೂದು ಎಷ್ಟು ತ್ರಾಸ ಅಂತ ಅವರಿಗೇನು ಗೊತ್ತು? ಉಸರು ಬಿಟ್ರ ಗೆರಿ ಜರಗತಿತ್ತು. ಸೀನು ಬಂದ್ರ ನುಂಗತಿದ್ದೆ. ನನ್ನ ಎರಡೂ ಅಂಗೈಯಾಗ ಕಿರಿಬೆರಳಿನ ಬುಡಕ್ಕ ದಡ್ಡುಗಟ್ಟಿತ್ತು, ತವಿ ಮ್ಯಾಲಿನ ರೊಟ್ಟಿ ಬರಿಗೈಲೆ ತಿರವತಿದ್ದೆ, ಸುಡತಿದ್ದಿಲ್ಲ. ಉಳಿವೆಪ್ಪ ಪಡಸಾಲ್ಯಾಗಿಂದ ಅಕ್ಕಾ, ಬಾ ಅಂದ್ರ ಸಾಕು, ರೊಟ್ಟಿ ಅರ್ಧಾ ಬಡದದ್ದು ಹಂಗ ಬಿಟ್ಟು ಓಡತಿದ್ದೆ.

ನೀ ಈ ಮನಿಗೆ ಬಂದದ್ದು ಹೋದ ವೈಶಾಖದಾಗ. ಬಂದು ಎರಡು ತಿಂಗಳಕ್ಕ ನಿಮ್ಮ ಅಣ್ಣ ಶಿದ್ಲಿಂಗಪ್ಪ ಕೆಲಸಾ ಮಾಡೂ ಹುಬ್ಬಳ್ಳಿ ಮೋಟಾರ ಬಾಡಿ ಕಟ್ಟೂ ಕಾರಖಾನಿ ನೋಡಾಕ ಗಂಡಾ ಹೆಂಡತಿ ಹೋದ್ರಿ. ಬರೂ ಮುಂದ ನನಗ ಕುಬಸಾ ತಂದ್ರಿ, ನೆನಪೈತಿ. ಅದರ ಜೋಡಿ ಆ ಪಟ್ಟಿ ಸುರಳಿ ತಂದ್ರಿ. ಉಳಿವೆಪ್ಪ ಅವತ್ತಿನಿಂದ ಮೂರು ದಿನಾ ಊಟಕ್ಕ ಕುಂತಾಗೊಮ್ಮೆ ಅದ ಕಥಿ. ನಮ್ಮ ಸುಶೀಲಾ ಹಿಂಗ ಮಾಡಿದ್ಲು, ನಮ್ಮ ಸುಶೀಲಾ ಹಂಗ ಮಾಡಿದ್ಲು. ಬಸ್ಸಿನ ಮಾಡಿಗೆ ಒಳಗ ಅರಿವಿ ಅಂಟಸೂ ಪಟ್ಟಿ ನೋಡಿ, ಅಣ್ಣಾ, ಇದು ನಮ್ಮ ಫರ್ಮಾಕ್ಕ ನಡೀತೈತೇನು ಅಂತ ನೀನ ಕೇಳಿದ್ಯಂತ. ಅದನ್ನ ಮಾರೂ ಅಂಗಡ್ಯಾಗ ಮೂರು ನಮೂನಿ ಇದ್ದುವಂತ. ನೀ ಚೀಲದಾಗ ಸಾಗವಾನಿ ತುಂಡು ಕಟಗೊಂಡ ಹೋಗಿದ್ಯಂತ, ಇದು ಮಾತ್ರ ನನಗ ನಂಬಾಕ ಆಗಲಿಲ್ಲ. ಅಣ್ಣನ ಊರಿಗೆ ಹೋಗಾಕಿ ಚೀಲದಾಗ ಉಂಡಿ ಕಟಗೊಂತಾಳ, ಕಟಗಿ ತುಂಡು ಯಾರು ಕಟಗೊಂತಾರ? ಮೊದಲ ಮನಸಿನ್ಯಾಗ ಲೆಕ್ಕಾ ಹಾಕಿದ್ದಿ ಅಂದಂಗಾತು.

ತೆಳ್ಳನ್ನ ಕಾಗದದ ಪಟ್ಟಿ ಹಚ್ಚಿ ಕಿತ್ತರ ಅರ್ಧಾ ಕಟಗಿ ಮ್ಯಾಲೆ ಉಳೀತಂತ, ಬ್ಯಾಡ ಅಂದ್ಯಂತ. ದಪ್ಪನ್ನ ರಬ್ಬರ ಪಟ್ಟಿ ಗಟ್ಟಿ ಹಿಡೀತಂತ, ಅಂಗಡಿಯಾಂವಾ ಇದ ಒಯ್ಯವಾ, ಎಲ್ಲಾರೂ ಇದನ್ನ ಒಯ್ತಾರ ಅಂದನಂತ. ನೀ ಬೆರಳಿಲೆ ಅಡ್ಡ ದಬ್ಬಿ ನೋಡಿ, ಇದು ಹಿಡಿಯೂದು ಖರೆ, ಆದರ ಮೆತ್ತಗ ಒಲಿತೈತಿ, ಕರಗಸ ಹೋದ ಕಡಿಗೆ ಇದೂ ಹೊಂಟೀತು ಅಂದ್ಯಂತ. ಅರಿವಿ ಒಳಗಿಟ್ಟು ಎರಡೂ ಕಡೆ ಅಂಟು ಹಚ್ಚಿದ ಮೂರನೇ ಪಟ್ಟಿ ತುಂಡಿಗೆ ಹಚ್ಚಿ, ತಕ್ಕಡಿ ಕಲ್ಲು ಕಟ್ಟಿ ತೂಗ ಹಾಕಿ, ಚಹಾ ಕುಡದು ಬರೂತನಕಾ ಬಿಟ್ಟು, ಆಮ್ಯಾಲೆ ಒಂದ ಎಳತಕ್ಕ ಕಿತ್ತಿ ತುಂಡು ನುಣ್ಣಗ ಉಳದದ್ದು ನೋಡಿ, ಇದು ಅಂದ್ಯಂತ. ಅಂಗಡಿಯಾಂವಾ ನಿನಗ ಕೈ ಮುಗದನಂತ. ಇದನ್ನ ಹೇಳೂ ಮುಂದ ಉಳಿವೆಪ್ಪ ತುತ್ತು ಕೈಯಾಗ ಹಿಡಕೊಂಡು ನಗತಿದ್ದ. ನಾ ಸಾರು ನೀಡಕೋಂತ ನಿಂತಿದ್ದೆ. ಮೂವತ್ತು ವರ್ಷ ನಾ ಹಿಡದೆ. ನನ್ನ ಬಗ್ಗೆ ಊಟಕ್ಕ ಕುಂತಾಗ ಯಾರೂ ಕಥಿ ಹೇಳಲಿಲ್ಲ.

ಮರುದಿನಾ ನಾ ರೂಢಿಯಂಗ ಹೋಗಿ ಹಲಗಿ ಮುಂದ ಕುಂತೆ. ನೀ ನಗಕೋಂತ ಬಂದು, ಅಕ್ಕಾರ, ನೀವು ಇನ್ನ ಹಿಡಿಯೂದು ಬ್ಯಾಡ್ರಿ, ಇದು ತಾನ ಹಿಡಕೊಂತೈತ್ರಿ, ನೀವು ಆರಾಮ ಕುಂದ್ರಿ ಅಂದಿ. ಪ್ರೀತಿಲೆ ಅಂದಿ, ನನಗ ಗೊತ್ತೈತಿ. ಕೆಟ್ಟ ಮನಸಿಲೆ ಅಂದಿದ್ರ ನಾ ಅಷ್ಟು ಉರೀತಿದ್ದಿಲ್ಲ, ತಿರುಗಿ ಎರಡು ಮಾತು ಅಂದು ತಣ್ಣಗಾಗತಿದ್ದೆ. ಆರಾಮ ಕುಂದ್ರಿ ಅಂದ್ರ ಎಲ್ಲಿ ಕುಂದರಬೇಕು, ಸುಶೀಲವ್ವಾ? ಮಗಳ ಮನಿ ಇಲ್ಲ, ಗಂಡನ ಮನಿ ಇಲ್ಲ. ಈ ಮನ್ಯಾಗ ನಾ ಕುಂದ್ರೂ ಜಾಗಾ ಅಂತ ಇದ್ದದ್ದು ಆ ಹಲಗಿ ಮುಂದಿನ ಒಂದ ಮೊಳ ನೆಲ.

ಆಮ್ಯಾಲೆ ಏನಾತು ನೀನ ನೋಡಿದಿ. ಪಡಸಾಲ್ಯಾಗಿಂದ ಕರಿಯೂ ಹೆಸರು ಬದಲಾತು. ಅಕ್ಕಾ ಅನ್ನೂದು ಹೋಗಿ ಸುಶೀಲಾ ಅನ್ನೂದು ಬಂತು. ನೀ ಪಟ್ಟಿ ಬೊಟ್ಟಿನಷ್ಟು ಬೊಟ್ಟಿನಷ್ಟು ಕತ್ತರಿಸಿ ನಾಕು ಮೂಲಿಗೆ ಹಚ್ಚತಿದ್ದಿ, ಪೂರಾ ಹಚ್ಚಿದ್ರ ಬಿಡಸಾಕ ಬರೂದಿಲ್ಲ ಅಂತ ಅವಗ ತಿಳಿಸಿ ಹೇಳತಿದ್ದಿ, ಕೊಡತಿಲೆ ಹಗೂರಕ ಕುಟ್ಟತಿದ್ದಿ. ಅವ ಕೊಯ್ಯೂ ಮುಂದ ನಿನಗ ಕೈ ಖಾಲಿ. ಖಾಲಿ ಕೈಯಾಕಿ ಅವನ ಮುಂದ ನಿಂತು ಮಾತಾಡಬಹುದು. ನಾ ಹಿಡಿಯೂ ಮುಂದ ಇಬ್ಬರೂ ಉಸರು ಬಿಗಿಹಿಡದು ಕುಂದರತಿದ್ದಿವಿ, ಮಾತು ಎಲ್ಲಿ ಬರಬೇಕು? ನೀವು ಆಡೂ ಮಾತು ಅಡಗಿಮನಿಗೆ ಕೇಳತಿತ್ತು. ಭಾಳ ಅಲ್ಲ, ಅರ್ಧಾ ಅರ್ಧಾ. ಅರ್ಧಾ ಕೇಳೂದು ಪೂರಾ ಕೇಳೂದಕ್ಕಿಂತಾ ಕೆಟ್ಟದ್ದು. ನಗೂದು ಮಾತ್ರ ಪೂರಾ ಕೇಳತಿತ್ತು.

ನನ್ನ ಅಂಗೈ ಮೆತ್ತಗಾತು. ಕಾರಹುಣ್ಣಿವಿಗೆ ಇದ್ದ ದಡ್ಡು ದಸರಾಕ್ಕ ಇದ್ದಿಲ್ಲ. ಒಂದಿನಾ ರೊಟ್ಟಿ ತಿರುವಿ ಬೆರಳು ಸುಟಗೊಂಡೆ. ನೀ ಓಡಿ ಬಂದು ಬೆಣ್ಣಿ ಹಚ್ಚಿದಿ. ಅವತ್ತು ನಿನ್ನ ಕೈ ಝಾಡಿಸಿ ಬಿಟ್ಟೆ, ಯಾಕ ಅಂತ ನೀ ಕೇಳಲಿಲ್ಲ. ಅದಕ್ಕ.

ಅಲ್ಲಾಭಕ್ಷ ಸಾಹೇಬರು ಜಾಲಿ ನೋಡಾಕ ಬಂದಾಗ ನಾ ಮಾಡಿದ್ದು ನಿನಗ ಗೊತ್ತಿಲ್ಲ, ಹೇಳತೇನಿ. ನೀವಿಬ್ಬರೂ ಒಳಗ ಇದ್ರಿ. ನಾ ಅವರ ಹತ್ರ ಹೋಗಿ, ಸಾಹೇಬರ, ನಿಮ್ಮ ಜಾಲಿಗೆ ಅಂಟು ಪಟ್ಟಿ ಹಚ್ಚಾಕತ್ತಾರ್ರಿ, ಮಳಿ ಬಂದ್ರ ಎಲಿ ಒಂದೊಂದ ಉದುರ್ಯಾವು, ಆಮ್ಯಾಲೆ ನನಗ ಅನಬ್ಯಾಡ್ರಿ ಅಂದೆ. ಅವರು ಗಡ್ಡಾ ನೀವಿಕೊಂಡು ಹೊಟ್ಟಿ ಹಿಡದು ನಕ್ಕರು. ಶೇಖವ್ವಾ, ಪಟ್ಟಿ ಕೊಯ್ಯೂತನಕಾ ಅಷ್ಟ ಅಲ್ಲೇನವಾ, ಅದೇನು ಜಾಲಿ ಜೋಡಿ ನಮ್ಮ ಮನಿಗೆ ಬೀಗತ್ಯಾಗಿ ಬರತೈತೇನು ಅಂದ್ರು. ಆಮ್ಯಾಲೆ ಎಲಿ ಮ್ಯಾಲೆ ಬೆರಳಾಡಿಸಿ, ಸವಣೂರ ತೋಟದಾಗ ಸೈತ ಇಷ್ಟು ಬರೊಬ್ಬರಿ ಎಲಿ ಬೆಳಿಯೂದಿಲ್ಲ, ನಿಮ್ಮ ತಮ್ಮನ ಹೆಂಡತಿ ಶಾಣೇ ಅದಾಳ ಅಂದ್ರು. ನಿನ್ನ ಮ್ಯಾಲೆ ಚಾಡಿ ಹೇಳಾಕ ಹೋಗಿ ನಿನ್ನ ಹೊಗಳಿಕಿ ಕೇಳಿ ಬಂದೆ.

ಈಗ ಆ ದಿನದ್ದು. ಮೂರನೇ ಪತ್ರಾ ಹರದದ್ದು ಇಲ್ಲೆ.

ಶನಿವಾರ ಮುಂಜಾನೆ ನೀ ಪಟ್ಟಿ ಕತ್ತರಸಾಕ ಕುಂತಿದ್ದಿ. ಅಕ್ಕಾರ, ಹಲಗಿ ಮ್ಯಾಲಿನ ಪುಡಿ ಜರಾ ಒರಿಸಿ ಕೊಡ್ರಿ, ಧೂಳಿದ್ರ ಪಟ್ಟಿ ಹಿಡಿಯೂದಿಲ್ಲ ಅಂದಿ. ನನಗೂ ಏನರ ಕೆಲಸಾ ಕೊಡಬೇಕು ಅಂತ ಅಂದಿ, ಅದೂ ನನಗ ತಿಳೀತು. ನಾಕೂ ಹಲಗಿ ನಾನ ಒರಿಸಿದೆ. ಚೊಲೋತಂಗ ಒರಿಸಿದೆ. ಒಂದು ಕಣ ಪುಡಿ ಉಳಿದಿದ್ದಿಲ್ಲ.

ನೀ ಗ್ವಾಡಿಗೆ ತೂಗ ಹಾಕಿದ ಒಗದ ಅರಿವಿ ತೋರಿಸಿದ್ದಿ. ನಾ ಅದನ್ನ ತಗೊಳ್ಳಲಿಲ್ಲ. ಮೂಲ್ಯಾಗ ಇನ್ನೊಂದು ಅರಿವಿ ಇತ್ತು. ಗಡಿಬಿಡ್ಯಾಗ ಅದು ಕೈಗೆ ಬಂತು ಅಂತ ಮೊದಲ ಮೂರೂ ಪತ್ರದಾಗ ಬರದಿದ್ದೆ. ಗಡಿಬಿಡಿ ಇದ್ದಿಲ್ಲ. ಅದು ಕರಗಸಕ್ಕ ಶೇಂಗಾ ಎಣ್ಣಿ ಸವರೂ ಅರಿವಿ. ನಾ ಅದನ್ನ ನೋಡಿ ತಗೊಂಡೆ. ಹಸಿ ಎಣ್ಣಿ ಹತ್ತೂವಷ್ಟು ಅಲ್ಲ, ಹಗೂರಕ ಸವರಿದೆ, ಸಾಗವಾನಿ ಮೊದಲ ಮಿಂಚೂ ಕಟಗಿ, ಯಾರಿಗೂ ಕಾಣೂದಿಲ್ಲ ಅಂತ. ಪಟ್ಟಿ ಹಿಡಿಯೂದಿಲ್ಲ, ಹಚ್ಚಿದ ಕೂಡಲೆ ಬಿಡತೈತಿ, ನೀವಿಬ್ಬರೂ ಮಾರಿ ಮಾರಿ ನೋಡತೀರಿ, ಆಮ್ಯಾಲೆ ಅವ ಅಕ್ಕಾ, ಬಾ ಅಂತಾನ. ಅಷ್ಟ ಇತ್ತು ನನ್ನ ಮನಸಿನ್ಯಾಗ. ದೇವರಾಣೆ ಅಷ್ಟ.

ಆದರ ಪಟ್ಟಿ ಆ ಎಣ್ಣಿ ಮ್ಯಾಲೂ ಹಿಡೀತು. ನೀ ಆರಿಸಿ ತಂದದ್ದು ಅಷ್ಟು ಗಟ್ಟಿ ಇತ್ತು. ಅರ್ಧಾ ಎಲಿ ಕೊಯ್ಯೂತನಕಾ ಹಿಡಕೊಂಡ ಇತ್ತು. ನಾ ಅಡಗಿಮನಿ ಬಾಗಲದಾಗ ನಿಂತು, ಹಿಡೀತಲ್ಲಾ, ಇನ್ನೇನು ಮಾಡೂದು ಅಂತ ಒದ್ದಾಡತಿದ್ದೆ. ಆಮ್ಯಾಲೆ ಮ್ಯಾಲಿನ ಹಲಗಿ ಫರ್ಮಾ ಸಮೇತ ಒಮ್ಮೆಲೆ ಜಾರಿತು. ಅದನ್ನ ಹಿಡಿಯಾಕ ಅವ ಎಡಗೈ ಚಾಚಿದ, ಕರಗಸ ಹೆಬ್ಬಟ್ಟಿನ ಮ್ಯಾಲೆ ಹಾದು ಹೋತು. ಅಲ್ಲಿ ಇರಬೇಕಾಗಿದ್ದು ನನ್ನ ಕೈ.

ನೀ ಸೆರಗು ಹರದು ಕಟ್ಟಿದಿ. ದವಾಖಾನಿಂದ ಬಂದ ಮ್ಯಾಲೆ ಅವ ಹಾಳಾದ ನಾಕು ಹಲಗಿ ನೋಡಿ ಕೂಗಾಡಿದ. ನಿನ್ನ ತವರುಮನಿ ಪಟ್ಟಿ ನಿನ್ನ ಕೊಳ್ಳಿಗೆ ಕಟಗೋ, ಕಟಗೊಂಡು ಶಿಗ್ಗಾವಿಗೆ ನಡಿ, ಮೂವತ್ತು ವರ್ಷ ನಮ್ಮಕ್ಕ ಹಿಡದಾಳ, ಒಂದ ಹಲಗಿ ಜರಗಿದ್ದಿಲ್ಲ ಅಂದ. ಸುಶೀಲವ್ವಾ, ಅವ ನನ್ನ ಹೊಗಳಿದ್ದು ಹುಟ್ಟಿದಾಗಿಂದ ಅದ ಒಂದ ಸರತೆ. ಆ ಮಾತು ನಿನ್ನ ಬಡದಷ್ಟ ನನ್ನೂ ಬಡೀತು.

ನೀ ಆಗ ಬಗ್ಗಿ ಆ ಹಲಗಿಗೆ ಹತ್ತಿದ ಪಟ್ಟಿ ತುಂಡು ಕಿತ್ತಿ. ಬೆರಳಿಲೆ ತಿಕ್ಕಿದಿ. ಮೂಗಿಗೆ ಹಿಡದಿ. ಆಮ್ಯಾಲೆ ನನ್ನ ಮಾರಿ ನೋಡಿದಿ. ಒಂದ ಗಳಿಗಿ ನೋಡಿದಿ. ಈಗ ಅಂತಾಳ, ಈಗ ಅಂತಾಳ ಅಂತ ಕಂಬಾ ಹಿಡಕೊಂಡೆ. ನೀ ಆ ತುಂಡು ಉಂಡಿ ಮಾಡಿ ಒಲಿಗೆ ಒಗದಿ, ಎರಡು ಸೀರಿ ಗಂಟು ಕಟಗೊಂಡಿ, ನನ್ನ ಕಾಲಿಗೆ ಬಿದ್ದಿ, ಮರುದಿನಾ ಮುಂಜಾನೆ ಮೊದಲನೇ ಬಸ್ಸಿಗೆ ಹೋದಿ.

ಯಾಕ ಅನ್ನಲಿಲ್ಲ? ಹದಿನೇಳು ದಿನದಿಂದ ಇದನ್ನ ಕೇಳಬೇಕು ಅಂತ ಕುಂತೇನಿ. ಶೇಂಗಾ ಎಣ್ಣಿ ಅಂತ ಎರಡ ಮಾತು ಅಂದಿದ್ರ ನೀ ಈ ಮನ್ಯಾಗ ಇರತಿದ್ದಿ, ನಾ ಹೊರಗಿರತಿದ್ದೆ. ನನ್ನ ಉಳಿಸಿ ನೀ ಹೋದಿ. ನಿನಗ ಇಪ್ಪತ್ತು ವರ್ಷ. ನನ್ನ ಅರ್ಧಾ ವಯಸ್ಸು. ಅಷ್ಟು ದೊಡ್ಡ ಮನಸು ನಿನಗ್ಯಾರು ಕೊಟ್ರು? ಅದರ ಮ್ಯಾಲೂ ನನಗ ಹೊಟ್ಟಿಕಿಚ್ಚು ಐತಿ, ತಿಳಕೋ. ಪಟ್ಟಿ ಮ್ಯಾಲೆ ಇದ್ದದ್ದಕ್ಕಿಂತಾ ಹೆಚ್ಚು ಐತಿ.

ನೀ ಹೋದ ವಾರಕ್ಕ ಅವ ಹುಬ್ಬಳ್ಳಿಂದ ಬ್ಯಾರೆ ಹಲಗಿ ತರಿಸಿದ. ಕೈ ಇನ್ನೂ ಕಟ್ಟಿತ್ತು. ಬಲಗೈಲೆ ಕೊಯ್ತೇನಿ, ಅಕ್ಕಾ, ಬಾ ಅಂದ. ನನಗ ಬೇಕಾದ ಮಾತು ಬಂತು. ತವಿ ಮ್ಯಾಲಿನ ರೊಟ್ಟಿ ಬಿಟ್ಟು ಓಡಿದೆ. ಕುಂತೆ, ಅಂಗೈ ಊರಿದೆ, ಉಸರು ಹಿಡದೆ. ನನ್ನ ಕೈ ಮಗ್ಗಲದಾಗ ಅವನ ಆ ಬಿಳಿ ಅರಿವಿ ಸುತ್ತಿದ ಹೆಬ್ಬಟ್ಟು. ಅದನ್ನ ನೋಡಬಾರದು ಅಂತ ಗ್ವಾಡಿ ನೋಡಿದೆ, ಮಾಡು ನೋಡಿದೆ, ಮತ್ತ ಅದನ್ನ ನೋಡಿದೆ. ಕೈ ನಡಗಾಕ ಹತ್ತಿದುವು. ಫರ್ಮಾ ತಗಡು ಹಲಗಿ ಮ್ಯಾಲೆ ಟಕಟಕ ಅಂತ ಸಪ್ಪಳಾ ಮಾಡಿತು. ಮೊದಲನೇ ಎಲಿ ಸೊಟ್ಟಾತು. ಎರಡನೇದ್ದೂ ಸೊಟ್ಟಾತು. ಮೂರು ದಿನಾ ಹಿಂಗ ಆತು.

ಅವ ಬೈಯಲಿಲ್ಲ. ಇರಲಿ ಅಕ್ಕಾ, ನಿನಗ ಮೊದಲಿನಂಗ ಆಗೂದಿಲ್ಲ, ಹೋಗಿ ರೊಟ್ಟಿ ನೋಡು ಅಂದ. ನಿನ್ನ ಬೈದ ನಮೂನಿ ನನ್ನ ಬೈದಿದ್ರ ಚೊಲೊ ಇತ್ತು. ನಿನ್ನ ಮ್ಯಾಲೆ ಅವಗ ಸಿಟ್ಟು ಬರತೈತಿ, ನನ್ನ ಮ್ಯಾಲೆ ಮರುಕ ಬರತೈತಿ. ಎರಡರಾಗ ಯಾವುದು ಹೆಚ್ಚಿಂದು ಅಂತ ತಿಳಿಯೂವಷ್ಟು ನಾನೂ ಸಂಸಾರಾ ಮಾಡೇನಿ.

ಆಮ್ಯಾಲೆ ಅವ ತಾನ ನೀ ಬಿಟ್ಟು ಹೋದ ಸುರಳಿ ಇಳಿಸಿದ. ನೀ ಹಚ್ಚೂ ಮುಂದ ಅವ ಕರಗಸ ಮಸೀತಿದ್ದನಲ್ಲ, ಕೆಲಸಾ ಕಲತೇ ಇಲ್ಲ. ಪಟ್ಟಿ ಸುಕ್ಕಾಗಿ ಬೆರಳಿಗೆ ಹತ್ತಿತು, ಬೆರಳಿಂದ ಅಂಗಿಗೆ ಹತ್ತಿತು. ಒಂದು ಹಲಗಿಗೆ ಪೂರಾ ಹಚ್ಚಿ ಬಿಟ್ಟ, ಬಿಡಸೂ ಮುಂದ ಹಲಗಿ ಸೀಳೀತು. ನಾಕು ಮೂಲಿಗೆ ಬೊಟ್ಟಿನಷ್ಟ ಹಚ್ಚಬೇಕಪ್ಪಾ ಅಂತ ನಾ ಹೇಳಬೇಕು ಅಂದ್ರ ನಾ ಯಾವತ್ತೂ ನೋಡಿದ್ದಿಲ್ಲ ಅನ್ನೂವರಂಗ ಏಳು ತಿಂಗಳು ಇದ್ದೇನಿ. ಹೆಂಗ ಹೇಳಲಿ? ಈಗ ನಾಕ ಹಲಗಿ ಉಳದಾವ. ಇವೂ ಹೋದ್ರ ಮತ್ತ ಮಾಡಾಕ ದಿನಾ ಇಲ್ಲ. ಅವ ಅವನ್ನ ಗ್ವಾಡಿಗೆ ಆನಿಸಿ ಇಟ್ಟು ಮುಂದ ಸುಮ್ಮನ ಕುಂತಿರತಾನ.

ಅದಕ್ಕ ಬಾ, ತಂಗಿ. ಪಟ್ಟಿ ನೀನ ಹಚ್ಚು. ಹಲಗಿ ನೀನ ಒರಿಸು, ನನಗ ಹೇಳಬ್ಯಾಡ. ನಿಮ್ಮಿಬ್ಬರ ಮಾತು ಕೇಳಿದ್ರ ನನಗ ಉರಿಯೂದು ನಿಲ್ಲತೈತಿ ಅಂತ ನಾ ಆಣೆ ಮಾಡೂದಿಲ್ಲ. ಉರೀತೈತಿ. ಆದರ ಉರಕೋಂತ ರೊಟ್ಟಿ ಬಡಿತೇನಿ, ಮತ್ತ ಎಣ್ಣಿ ಅರಿವಿ ಮುಟ್ಟೂದಿಲ್ಲ. ಇದಕ್ಕ ಮಾತ್ರ ಆಣೆ ಮಾಡತೇನಿ.

ಒಂದ ಬೇಡಿಕಿ. ನಾ ಇಲ್ಲಿ ಬರದದ್ದನ್ನ ಅವಗ ಹೇಳಬ್ಯಾಡ. ನೀ ಅವತ್ತು ಹೆಂಗ ಬಾಯಿ ಮುಚ್ಚಿದಿ ಇನ್ನೊಂದೀಟು ಹಂಗ ಮುಚ್ಚು. ಅಕ್ಕಗ ಕೈ ನಡಗತಾವಂತ, ಅದಕ್ಕ ಬಂದೆ ಅನ್ನು. ಪಟ್ಟಿ ಆ ಸರತೆ ಕೆಟ್ಟಿತ್ತು ಅಂತ ಅನ್ನು. ನೀ ತಪ್ಪು ಹೊತ್ತಂಗ ಆಗತೈತಿ, ಖರೆ. ಆದರ ನಿನಗ ಇಪ್ಪತ್ತು ವರ್ಷ, ತವರುಮನಿ ಐತಿ, ಗಂಡ ಇವತ್ತು ಬೈದ್ರ ನಾಳಿಗೆ ನಗತಾನ. ನನಗ ಅವ ಒಮ್ಮೆ ಮಾರಿ ತಿರುವಿದ್ರ ನಾ ಎಲ್ಲಿ ಹೋಗಲಿ? ಹಿರೇಕೆರೂರಿನ ಬಾಗಲಾ ಮುಚ್ಚಿ ಹದಿನೆಂಟು ವರ್ಷ ಆತು. ಬರದದ್ದು ಓದಿ ಈ ಕಾಗದಾ ಒಲಿಗೆ ಹಾಕು. ನಿಮ್ಮಪ್ಪನ ಕೈಗೆ ಸಿಗದಂಗ ನೋಡಕೋ. ಬಸ್ಸಿನ್ಯಾಗ ಕಿಡಕಿ ಕಡೆ ಕುಂದರಬ್ಯಾಡ, ಧೂಳಿಗೆ ನಿನಗ ಕೆಮ್ಮು ಬರತೈತಿ.

ಹಿರಿಯರಿಗೆ ನಮಸ್ಕಾರಾ ತಿಳಿಸು.

ಇಂತಿ ನಿನ್ನ ದಾರಿ ನೋಡಾಕತ್ತಾಕಿ,
ಶೇಖವ್ವ

ತಾ. ಕ.: ಮ್ಯಾಲಿಂದೆಲ್ಲ ಬರದು ಮಡಚಾಕತ್ತಿದ್ದೆ. ಉಳಿವೆಪ್ಪ ನೀರು ಕುಡಿಯಾಕ ಒಳಗ ಬಂದ. ಯಾರಿಗೆ ಅಂದ. ನಿನ್ನ ಹೆಂಡತಿಗೆ ಅಂದೆ. ತಂಬಿಗಿ ಇಟ್ಟು, ಅಕಿ ತಪ್ಪಾತು ಅಂತ ಒಂದ ಮಾತು ಬರೀಲಿ, ನಾ ಹೋಗಿ ಕರಕೊಂಡ ಬರತೇನಿ, ಅಲ್ಲೀತನಕಾ ಅಲ್ಲೆ ಇರಲಿ, ಹಂಗಂತ ಬರಿ ಅಂದ. ಆ ಒಂದ ಮಾತು ನೀ ಬರೀತಿದ್ದಿ. ನಾ ಬೇಡಿಕೊಂಡಿದ್ದೇನಿ, ನೀ ಬರೀತಿದ್ದಿ, ನನಗ ಪೂರಾ ಗೊತ್ತಿತ್ತು. ನೀ ತಪ್ಪಾತು ಅಂತ ಬರದ ಕಾಗದಾ ಅವ ನನ್ನ ಮುಂದ ಓದೂ ಮುಂದ ನಾ ಎಲ್ಲಿ ನೋಡಬೇಕು? ಕಾಗದಾ ಅವನ ಕೈಯಾಗ ಕೊಟ್ಟು, ಮೊದಲ ನೀ ಓದು ಅಂದೆ.

ನಿಂತು ಓದಾಕ ಹತ್ತಿದ. ಎಣ್ಣಿ ಅರಿವಿ ಮಾತು ಬಂದಲ್ಲಿ ಕುಂತ. ಕಡೀತನಕಾ ಓದಿ, ಮತ್ತ ಮೊದಲಿಂದ ಓದಿದ. ನನ್ನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ, ನಡಿ ಅಂತಲೂ ಅನ್ನಲಿಲ್ಲ. ಟಪಾಲಿಗೆ ಹಾಕಬ್ಯಾಡ, ನಾಳಿಗೆ ನಾನ ಒಯ್ತೇನಿ ಅಂದ. ಅಷ್ಟ. ಅದಕ್ಕ ಈ ಪತ್ರಾ ನಿನಗ ಟಪಾಲಿನಾಂವ ಕೊಟ್ಟಿರೂದಿಲ್ಲ. ಅವ ಕೊಟ್ಟು ಎದುರಿಗೆ ನಿಂತಿದ್ರ ಭಾಳ ಹೊತ್ತು ನಿಲ್ಲಸಬ್ಯಾಡ, ಗಾಯದ ಕೈ ಕೆಳಗ ಬಿಟ್ರ ಬಾವು ಬರತೈತಿ. ನಾ ಈ ಮನ್ಯಾಗ ಇರಬೇಕೋ ಬ್ಯಾಡೋ ಅಂತ ಅವ ನಿನ್ನ ಕೇಳತಾನ, ಮತ್ತ್ಯಾರನ್ನ ಕೇಳತಾನ. ನೀ ಏನಂದ್ರೂ ನಾ ಕೇಳತೇನಿ.

ಈಗ ಅಂಗಿ ಇಸ್ತ್ರಿ ಮಾಡಸಾಕ ಪ್ಯಾಟಿಗೆ ಹೋಗ್ಯಾನ, ಲಗ್ನದಾಗ ಹಾಕಿದ್ದ ರೇಶಿಮಿ ಅಂಗಿ. ಹದಿನೆಂಟು ವರ್ಷದ ಹಿಂದ ನನ್ನ ಹಿರೇಕೆರೂರಿಂದ ಕರಕೊಂಡು ಹೋಗಾಕ ಬಂದಾಗ ಕಟಗಿ ಪುಡಿ ಮೆತ್ತಿದ ಅಂಗ್ಯಾಗ ಬಂದಿದ್ದ, ದಾರ್ಯಾಗ ಝಾಡಿಸಿಕೊಂಡೂ ಇದ್ದಿಲ್ಲ. ಇವತ್ತು ಟ್ರಂಕು ತೆರದು ಆ ರೇಶಿಮಿ ಅಂಗಿ ಹುಡುಕಿ ಕೊಟ್ಟಾಕಿ ನಾನ. ಕೊಡೂ ಮುಂದ ಹೊಟ್ಟಿ ಉರೀತು. ಗುಂಡಿ ಒಂದು ಸಡ್ಲ ಇತ್ತು, ಹೊಲದ ಕೊಟ್ಟೇನಿ.